ಹೊಸ್ತಿಲಿಗೆ ಬಳಿಯದ ಕೆಮ್ಮಣ್ಣು

ಅರಳಗುಡ್ಡದ ನೇಕಾರ ಓಣಿಯ ತುದಿಯಲ್ಲಿ ಕೆಂಪು ಕಲ್ಲಿನ ಚಿಕ್ಕದೊಂದು ಪ್ರಾರ್ಥನಾಲಯವಿತ್ತು. ಅದಕ್ಕೆ ಗೋಪುರವಿರಲಿಲ್ಲ. ಗಂಟೆಯ ಬದಲು ರೈಲು ಹಳಿಯ ತುಂಡೊಂದನ್ನು ಬೇವಿನ ಮರಕ್ಕೆ ನೇತುಹಾಕಿ ಬಾರಿಸುತ್ತಿದ್ದರು. ಆಲಯದ ಗೋಡೆಗೆ ಆತುಕೊಂಡಂತಿದ್ದ ಒಂದೇ ಖೋಲಿಯಲ್ಲಿ ಪೂಜ್ಯ ಹನ್ನಮ್ಮನವರು ತಮ್ಮ ಬಾಳಿನ ಬಹುಭಾಗವನ್ನು ಕಳೆದರು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಆ ತಾಯಿ, ರಾಟಿಯ ಮುಂದೆ ಕುಳಿತು ನೇಕಾರರಿಗೆ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆದವರು. ಕೈಯಲ್ಲಿ ನೂಲು, ಬಾಯಲ್ಲಿ ದೇವರ ವಾಕ್ಯ. ಮೂರನೆಯದೊಂದು ಆಸ್ತಿ ಅವರಿಗೆ ಇರಲಿಲ್ಲ. ಬೈಬಲಿನ ಹಳೆಯ ಒಡಂಬಡಿಕೆಯ ಪುಟಪುಟವೂ ಬಾಯಿಪಾಠವಾಗಿದ್ದರೂ, ನಾಲ್ಕು ಮಾತು ಬೋಧಿಸಿರೆಂದು ಯಾರಾದರೂ ಕೇಳಿದರೆ, "ನಾ ಏನ್ ಹೇಳ್ಲೆಪ್ಪಾ" ಎಂದು ನಕ್ಕು ರಾಟಿ ತಿರುಗಿಸುತ್ತಿದ್ದರು.

ಆರಾಧನೆಯ ಹೊತ್ತಿಗೆ ಅವರು ಕೂರುತ್ತಿದ್ದುದು ಆಲಯದ ಹೊಸ್ತಿಲ ಮೇಲೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಮುಂದಿನ ಬೆಂಚಿಗೆ ನಮ್ಮ ಜನ ಮುಖ ಊದಿಸಿಕೊಂಡದ್ದುಂಟು, ಮಾತು ಬಿಟ್ಟದ್ದುಂಟು. ಹೊಸ್ತಿಲಿಗಾಗಿ ಯಾರೂ ಪೈಪೋಟಿಗೆ ಬಂದಿರಲಿಲ್ಲ. ಆದರೂ ಆಕ್ಷೇಪಣೆ ತಪ್ಪಲಿಲ್ಲ. ಹೊಸ್ತಿಲ ಮೇಲೆ ಕೂರಬಾರದೆಂದು ನಮ್ಮ ಕಡೆ ಮಕ್ಕಳನ್ನು ಗದರಿಸುತ್ತಾರಲ್ಲ, ಮತ ಬದಲಾದರೂ ಆ ಗದರಿಕೆ ಬದಲಾಗಿರಲಿಲ್ಲ. ಸಭೆಯ ಹಿರಿಯರಾದ ಯೋಬಪ್ಪನವರು ಒಮ್ಮೆ ನೇರವಾಗಿಯೇ ಕೇಳಿದರು: "ಅವ್ವಾರ, ಒಳಗ ಇಷ್ಟ ಜಾಗಾ ಐತಿ. ಬರೂರಿಗೆ ಹೋಗೂರಿಗೆ ಅಡ್ಡ ಯಾಕ ಕೂಡ್ತೀರಿ?"

ಹನ್ನಮ್ಮನವರು ಹೇಳಿದ್ದು ಇಷ್ಟೇ. "ಅಬ್ರಹಾಮ ಉರಿಬಿಸಲಾಗ ಡೇರೇದ ಬಾಗಲಾಗ ಕುಂತಿದ್ದಾ. ಅದಕ್ಕ ದಾರ್ಯಾಗ ಬಂದ ದೇವರು ಅವನ ಕಣ್ಣಿಗೆ ಬಿದ್ದಾ. ಒಳಗ ತಂಪಿಗೆ ಮಲಗಿದ್ರ ಬೀಳ್ತಿದ್ದಾನೇನಪ್ಪಾ?"

 ಯೋಬಪ್ಪನವರಿಗೆ ಸಿಟ್ಟು ಬಂತು. ಆದರೂ ಆ ತಾಯಿಯ ಮೇಲೆ ಅವರಿಗೆ ಗೌರವ ಅಪಾರವಾಗಿದ್ದುದರಿಂದ ಮಾತು ಅಲ್ಲಿಗೇ ನಿಂತಿತು.

ಯೋಬಪ್ಪನವರು ಕುಪ್ಪಸದ ಖಣ ನೇಯುವುದರಲ್ಲಿ ಎತ್ತಿದ ಕೈ. ಸಭೆಯನ್ನೂ ಅವರು ಹಾಗೆಯೇ ನಡೆಸುತ್ತಿದ್ದರು. ಒಂದು ಎಳೆ ಆಚೀಚೆಯಾದರೆ ಸಹಿಸುತ್ತಿರಲಿಲ್ಲ. ಅದೇ ಓಣಿಯ ತಿಮೊಥೆಯಪ್ಪ ಅವರ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಗುರುವಿನ ಕೈಯಲ್ಲಿ ಲಾಳಿ ಹಿಡಿದವರು. ತಿಮೊಥೆಯಪ್ಪನವರ ಮಗ ಎಸ್ರಾ ಸಭೆಯ ಒಪ್ಪಿಗೆ ಕೇಳದೆ ಬೇರೆ ಮತದ ಹುಡುಗಿಯನ್ನು ಮದುವೆಯಾದಾಗ, ಅವನನ್ನು ಸಭೆಯಿಂದ ಹೊರಗಿಡಿಸಿದವರು ಯೋಬಪ್ಪನವರೇ. ತಾಯಿ ತೀರಿಕೊಂಡ ಸುದ್ದಿ ಕೇಳಿ ಆ ಹುಡುಗ ಹುಬ್ಬಳ್ಳಿಯಿಂದ ಓಡಿ ಬಂದರೆ, ಹೊರಗಿಟ್ಟವರಿಗೆ ಒಳಗೆ ಎಡೆಯಿಲ್ಲವೆಂದು ಆಲಯದ ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ತಾಯಿಯ ಶವಪೆಟ್ಟಿಗೆ, ಹೊರಗೆ ಮಗ. ಪ್ರಾರ್ಥನೆ ಮುಗಿಯುವವರೆಗೆ ಅವನ ಕೈಯನ್ನು ಹಿಡಿದುಕೊಂಡಿದ್ದವರು ಹೊಸ್ತಿಲ ಮೇಲೆ ಕುಳಿತಿದ್ದ ಹನ್ನಮ್ಮನವರು. ಅಂದಿನಿಂದ ತಿಮೊಥೆಯಪ್ಪ ಗೆಳೆಯನನ್ನು 'ಯೋಬಾ' ಎಂದು ಕರೆಯುವುದನ್ನು ಬಿಟ್ಟರು. ಎದುರಾದರೆ 'ಹಿರ್ಯಾರ' ಎನ್ನುವರು, ದಾರಿ ಬಿಟ್ಟು ನಿಲ್ಲುವರು.

ಮುಂದೆ ಯೋಬಪ್ಪನವರ ಒಬ್ಬಳೇ ಮಗಳು ಸಲೋಮಿ ರೈಲ್ವೆ ಕೆಲಸದ ವಿಠ್ಠಲನೆಂಬ ಹುಡುಗನೊಂದಿಗೆ ಹಾಗೆಯೇ ಮದುವೆಯಾಗಿ ಹೋದಳು. ಯೋಬಪ್ಪನವರು ಆರಾಧನೆಯ ನಡುವೆ ಎದ್ದು ನಿಂತು, ತಮ್ಮ ಬಾಯಿಂದಲೇ ಮಗಳನ್ನು ಹೊರಗಿಟ್ಟರು. ಯೋಬಪ್ಪ ಅಂದರೆ ಯೋಬಪ್ಪ ಎಂದು ಜನ ತಲೆದೂಗಿದರು. ಆ ಸಂಜೆ ಅವರು ಊಟ ಮಾಡಲಿಲ್ಲವೆಂಬುದು ಹೆಂಡತಿ ಮಾರ್ತವ್ವನೊಬ್ಬಳಿಗೇ ಗೊತ್ತಿತ್ತು. ತೊಡೆಯ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸಿದ ಮಗಳು. ಅವರ ಎದೆಯೊಳಗಿನ ಆ ಜಾಗ ಬರಿದಾದದ್ದು ಮತ್ತೆ ತುಂಬಲಿಲ್ಲ.

ಆ ಸಭೆಯಲ್ಲಿ ಪಸ್ಕದ ಸಂಜೆಗೆ ಒಂದು ರೂಢಿಯಿತ್ತು. ಐಗುಪ್ತವೆಂಬ ಈಜಿಪ್ಟಿನ ದಾಸ್ಯದಿಂದ ಇಸ್ರಾಯೇಲರು ಬಿಡುಗಡೆಯಾದ ರಾತ್ರಿ, ಮರಣದೂತನು ತಮ್ಮ ಮನೆಗಳನ್ನು ದಾಟಿಹೋಗಲೆಂದು ಅವರು ಕುರಿಮರಿಯ ರಕ್ತವನ್ನು ಬಾಗಿಲಿಗೆ ಹಚ್ಚಿದರಲ್ಲವೆ? ಅದರ ನೆನಪಿಗೆ ಇವರು ಕೆಮ್ಮಣ್ಣು ಕಲಸಿ ಬಾಗಿಲ ಚೌಕಟ್ಟಿಗೆ ಬಳಿಯುವರು. ಆಮೇಲೆ ಎಲ್ಲರೂ ಒಂದು ಮನೆಯಲ್ಲಿ ಸೇರಿ, ಬಾಗಿಲು ಹಾಕಿಕೊಂಡು ಆ ರಾತ್ರಿಯ ವೃತ್ತಾಂತವನ್ನು ಓದುವರು. ಗ್ರಂಥದಲ್ಲಿರುವುದು ಎರಡು ನಿಲುವುಪಟ್ಟಿ ಮತ್ತು ಮೇಲಿನ ಪಟ್ಟಿ ಮಾತ್ರ. ಆದರೆ ಅಜ್ಜಿ ಮುತ್ತಜ್ಜಿಯರ ಕಾಲದಿಂದ ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿ ಬಂದ ಕೈಗಳು ಸುಮ್ಮನಿರುತ್ತವೆಯೆ? ಹೆಂಗಸರು ಮರೆತು ಹೊಸ್ತಿಲಿಗೂ ಒಂದು ಗೆರೆ ಎಳೆದುಬಿಡುತ್ತಿದ್ದರು. ಯೋಬಪ್ಪನವರು ಒದ್ದೆ ಅರಿವೆ ಹಿಡಿದು ಮನೆಮನೆಗೆ ಹೋಗಿ, "ಹೊಸ್ತಿಲದ ಮಾತು ದೇವರು ಎತ್ತಿಲ್ಲ. ನೀವ್ಯಾಕ ಎತ್ತತೀರಿ?" ಎಂದು ಆ ಗೆರೆಯನ್ನು ಒರೆಸಿ ಬರುತ್ತಿದ್ದರು.

ಸಲೋಮಿ ಹೋದ ಮೇಲಿನ ಒಂದು ವರ್ಷ ಓದು ಯೋಬಪ್ಪನವರ ಮನೆಯಲ್ಲೇ ಗೊತ್ತಾಗಿತ್ತು. ಬಿಸಿಲು ಇಳಿಯುವ ಹೊತ್ತಿಗೆ, ಚೌಕಟ್ಟಿನ ಕೆಮ್ಮಣ್ಣು ಇನ್ನೂ ಹಸಿಯಿರುವಾಗಲೇ, ಸಲೋಮಿ ಬಂದಳು. ಕಂಕುಳಲ್ಲಿ ಕೂಸು, ಕೈಯಲ್ಲೊಂದು ತಗಡಿನ ಟ್ರಂಕು, ಮೈಯಲ್ಲಿ ಬಣ್ಣಗೆಟ್ಟ ಸೀರೆ. ವಿಠ್ಠಲ ವಿಷಮಜ್ವರದಲ್ಲಿ ತೀರಿಕೊಂಡಿದ್ದ. ಅವನ ಮನೆಯವರೂ ಅವಳನ್ನು ಇಟ್ಟುಕೊಂಡಿರಲಿಲ್ಲ. ಅವಳು ಒಳಗೆ ಬರಲಿಲ್ಲ; ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತಳು.

ನಮ್ಮ ಕಡೆ ತವರಿಗೆ ಬಂದ ಮಗಳು ತಾನಾಗಿ ಒಳಗೆ ನುಗ್ಗುವುದಿಲ್ಲ. ಒಳಗಿನವರು ತಂಬಿಗೆಯಲ್ಲಿ ನೀರು, ಒಂದು ತುಣುಕು ರೊಟ್ಟಿ ತಂದು, ಕೂಸಿಗೂ ತಾಯಿಗೂ ನಿವಾಳಿಸಿ ಚೆಲ್ಲಿ, ಬಾ ಎನ್ನಬೇಕು. ಮಾರ್ತವ್ವ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ತಂಬಿಗೆ ಹಿಡಿದು ಓಡಿ ಬಂದಳು. ಸಲೋಮಿ ಕೈ ಅಡ್ಡ ತಂದಳು.

"ಅವ್ವಾ, ನೀ ಕರದ್ರ ನಾ ಬರಾಕಿ ಅಲ್ಲ. ಎಲ್ಲಾರ ಮುಂದ ಎದ್ದು ನಿಂತು ನನ್ನ ಹೊರಗ ಹಾಕಿದಾವ ಅಪ್ಪ. ಕರಿಯೂದೂ ಅಪ್ಪನ ಬಾಯಿಂದನ ಆಗಲಿ. ಇಲ್ಲಂದ್ರ ಸಂಜಿ ಗಾಡಿಗೆ ಸೊಲ್ಲಾಪುರಕ್ಕ ಹೊಕ್ಕೇನಿ. ಅಲ್ಲಿ ಗಿರಣ್ಯಾಗ ಹೆಂಗಸರಿಗೂ ಕೆಲಸ ಕೊಡ್ತಾರಂತ."

"ಇಷ್ಟ ಸಣ್ಣ ಕೂಸಿನ ಕಟಗೊಂಡು ಗಿರಣಿಗೆ ಹೊಕ್ಕಿಯೇನವ್ವಾ? ಯಾರ ಅದಾರ ಅಲ್ಲಿ ನಿನಗ?"

ಸಲೋಮಿ ಕೂಸಿನ ತಲೆಯ ಮೇಲೆ ಸೆರಗು ಎಳೆದಳು.

ಇದೆಲ್ಲವೂ ಒಳಗೆ ಕುಣಿಮಗ್ಗದಲ್ಲಿ ಕುಳಿತಿದ್ದ ಯೋಬಪ್ಪನವರ ಕಿವಿಗೆ ಬಿದ್ದಿತ್ತು. ಅವರು ಲಾಳಿ ಎಸೆದರು, ಎಳೆ ಕಡಿಯಿತು. ಗಂಟು ಹಾಕಿ ಮತ್ತೆ ಎಸೆದರು, ಮತ್ತೆ ಕಡಿಯಿತು. ಮಾರ್ತವ್ವ ಬಂದು ಮಗ್ಗದ ಅಂಚಿಗೆ ಕುಳಿತು ಕೈಜೋಡಿಸಿದಳು. "ಒಂದ ಮಾತು ಅನ್ರಿ. ಬಾ ಅನ್ರಿ, ಸಾಕು."

"ಬಾಗಿಲಾ ನಾ ಹಾಕೇನೇನು? ತೆರದ ಐತಿ. ಬರೂದಿದ್ರ ಬರ್ಲಿ, ಹೋಗೂದಿದ್ರ ಹೋಗ್ಲಿ" ಎಂದರು ಯೋಬಪ್ಪನವರು.

ಬಾಯಿ ಹಾಗೆಂದಿತು. ಒಳಗಿನ ಸಂಕಟವೇ ಬೇರೆ.  ಕರೆದರೆ ನಾಳೆ ಓಣಿಯಲ್ಲಿ ಹೇಗೆ ತಲೆಯೆತ್ತಲಿ? ಮೇಲಾಗಿ, ತಿಮೊಥೆಯಪ್ಪನಿಗೆ ಏನು ಹೇಳಲಿ? ಕರೆಯದಿದ್ದರೆ ಗಾಡಿ ಹೋಗುತ್ತದೆ, ಗಾಡಿಯೊಂದಿಗೆ ಮಗಳೂ ಹೋಗುತ್ತಾಳೆ. ಈ ಸಲ ಹೋದವಳು ಮತ್ತೆ ಬರುವವಳಲ್ಲ. ತಮ್ಮ ಮಗಳ ಸ್ವಭಾವ ಅವರಿಗೆ ಗೊತ್ತಿಲ್ಲವೆ? ಅದು ಅವರದೇ ಸ್ವಭಾವ.

ಓದಿಗೆಂದು ಎಲ್ಲರಿಗಿಂತ ಮುಂಚೆ ಬಂದವರು ಹನ್ನಮ್ಮನವರು. ಕಟ್ಟೆಯ ಮೇಲಿನ ಸಲೋಮಿಯನ್ನು ನೋಡಿ ನಿಂತರು. ಕೂಸಿನ ನೆತ್ತಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಏನಾಯಿತು, ಹೇಗಾಯಿತು ಎಂದು ಒಂದನ್ನೂ ಕೇಳಲಿಲ್ಲ. ಆಮೇಲೆ ಒಳಗೆ ಬರುವ ಬದಲು, ತಮ್ಮ ವಾಡಿಕೆಯಂತೆ, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಮಾಡಿ ಹೊಸ್ತಿಲ ಮೇಲೆ ಕುಳಿತುಬಿಟ್ಟರು.

ಯೋಬಪ್ಪನವರು ಮಗ್ಗದಿಂದ ಎದ್ದು ಬಂದರು. ಮಗಳ ಕಡೆ ನೋಡಲಿಲ್ಲ. "ಅವ್ವಾರ, ಅಲ್ಲ್ಯಾಕ ಕುಂತ್ರಿ? ಒಳಗ ಬರ್ರಿ."

ಹನ್ನಮ್ಮನವರು ಮುಖವೆತ್ತಿದರು. "ಒಳಗ ಬರ್ರಿ ಅನ್ನೂದು ನಿನ್ನ ಬಾಯಿಗೆ ಬರತೈತಿ ಅಂದಂಗಾತು, ಯೋಬಪ್ಪಾ. ಬರೂದಿಲ್ಲ ಅಂತ ತಿಳದಿದ್ದೆ."

ಯೋಬಪ್ಪನವರ ಮುಖ ಕೆಂಪಾಯಿತು. "ನಾ ಯಾರನ್ನೂ ತಡದಿಲ್ಲರಿ ಅವ್ವಾರ. ಬಾಗಿಲಾ ತೆರದ ಐತಿ, ನೋಡ್ರಿ."

"ಗ್ರಂಥಾ ತಗೊಂಡು ಬಾ" ಎಂದರು ಹನ್ನಮ್ಮನವರು. ತಂದಮೇಲೆ ಒಂದು ಭಾಗವನ್ನು ಹೆಸರಿಸಿ ಓದಲು ಹೇಳಿದರು. ಇಸ್ರಾಯೇಲರಿಗೆ ಅರಸರಿಲ್ಲದ ನ್ಯಾಯಸ್ಥಾಪಕರ ಕಾಲದ ಒಂದು ಘೋರ ಪ್ರಸಂಗವದು.

"ಅದನ್ನ ಸಭಿಯಾಗ ಓದೂದಿಲ್ಲರಿ."

"ಇದು ಸಭಿ ಅಲ್ಲಪ್ಪಾ. ನಿನ್ನ ಮನಿ. ಓದು."

ಯೋಬಪ್ಪನವರು ಓದತೊಡಗಿದರು. ಪರವೂರಿನಲ್ಲಿ ಇರುಳು ಕಳೆಯಲು ಇಳಿದ, ದೇವಸೇವೆಯ ಕುಲದ ಲೇವಿಯನೊಬ್ಬ, ದುಷ್ಟರು ಮನೆಯನ್ನು ಮುತ್ತಿದಾಗ, ತನ್ನ ಜೀವಕ್ಕೆ ಹೆದರಿ ತನ್ನ ಹೆಂಗಸನ್ನು ಹೊರಗೆ ಅವರ ಕೈಗೆ ಒಪ್ಪಿಸಿಬಿಟ್ಟ. ನಸುಕಿನಲ್ಲಿ ಅವಳು ಹೇಗೋ ತಿರುಗಿ ಬಂದು ಬಾಗಿಲ ಮುಂದೆ ಬಿದ್ದಳು. ಬೆಳಗಾದ ಮೇಲೆ ಅವನು ತನ್ನ ದಾರಿ ಹಿಡಿಯಲೆಂದು ಬಾಗಿಲು ತೆರೆದರೆ, ಅವಳ ಎರಡೂ ಕೈಗಳು ಹೊಸ್ತಿಲ ಮೇಲಿದ್ದವು. ಏಳು, ಹೋಗೋಣ ಎಂದ. ಉತ್ತರ ಬರಲಿಲ್ಲ. ಆ ಸಾಲಿಗೆ ಬಂದಾಗ ಯೋಬಪ್ಪನವರು ಓದು ನಿಲ್ಲಿಸಿದರು. ಅಷ್ಟು ವರ್ಷಗಳಲ್ಲಿ ಆ ಪುಟವನ್ನು ಅವರು ಎಷ್ಟೋ ಸಲ ಬೇಗಬೇಗ ತಿರುವಿಹಾಕಿದ್ದರು. ಆ ಕೈಗಳನ್ನು ನೋಡಿದ್ದು ಅಂದೇ ಮೊದಲು.

"ಅಂವನೂ ಬಾಗಿಲಾ ತೆರದಾನ, ಯೋಬಪ್ಪಾ" ಎಂದರು ಹನ್ನಮ್ಮನವರು.

 ಯೋಬಪ್ಪನವರು ಗ್ರಂಥವನ್ನು ಮುಚ್ಚಿ ಎದೆಗೆ ಒತ್ತಿ ಹಿಡಿದರು. ಕಡೆಗೆ ಅವರು ಎಲ್ಲಕ್ಕಿಂತ ಕೆಳಗೆ ಹುಗಿದಿಟ್ಟ ಮಾತನ್ನು ಹೊರಗೆ ತೆಗೆದರು. "ಅವ್ವಾರ, ತಿಮೊಥೆಯಪ್ಪನ ಮಗನ್ನ ನಾ ಹೊರಗ ನಿಂದರಿಸೇನಿ. ಹಡದವ್ವನ ಮಣ್ಣಿಗೆ ಬಂದ ಹುಡುಗನ್ನ. ಈಗ ನನ್ನ ಮಗಳ ಬಂದಳಂತ ಕರದ್ರ ನಾ ಎಂಥಾ ಹಿರ್ಯಾ? ದೇವರ ನೇಮಕ್ಕ ಏನ್ ಬೆಲಿ ಉಳೀತು?"

ಹನ್ನಮ್ಮನವರು ನಗಲಿಲ್ಲ, ಗದರಲೂ ಇಲ್ಲ. "ಆ ರಾತ್ರಿ ದೇವರು ನೇಮಾ ಏನ್ ಕೊಟ್ಟಾ? ಇವತ್ತ ನೀನ ಓದಾವ ಅದೀಯಲ್ಲಾ, ಹೇಳು."

"ಬೆಳಗಾಗೂ ತನಾ ಯಾರೂ ಬಾಗಿಲಾ ದಾಟಿ ಹೊರಗ ಹೋಗಬಾರದು ಅಂದಾನ್ರಿ."

"ಹೊರಗ ಹೋಗಬ್ಯಾಡ್ರಿ ಅಂದಾ. ಒಳಗ ಬರಬ್ಯಾಡ್ರಿ ಅಂದಾನೇನು?"

ಯೋಬಪ್ಪನವರು ಚೌಕಟ್ಟಿನ ಹಸಿ ಕೆಮ್ಮಣ್ಣನ್ನು ನೋಡಿದರು. 

ಹನ್ನಮ್ಮನವರು ತಾವು ಕುಳಿತ ಮರದ ಹೊಸ್ತಿಲನ್ನು ಅಂಗೈಯಿಂದ ಸವರಿದರು. "ಎರಡೂ ಕಡೆ ಹಚ್ಚ ಅಂದಾ, ಮ್ಯಾಲ ಹಚ್ಚ ಅಂದಾ. ಇದನ್ನ ಬಿಟ್ಟಾ. ಯಾಕ ಬಿಟ್ಟಾ?"

"ರಕ್ತಾ ತುಳದಾರು ಅಂತ ಬಿಟ್ಟಾನ್ರಿ" ಎಂದರು ಯೋಬಪ್ಪನವರು ಮೆಲ್ಲಗೆ.

"ತುಳಿಯೂರು ಬರ್ತಾರ ಅಂತ ಅವಗ ಗೊತ್ತಿತ್ತಪ್ಪಾ. ವರ್ಷಾ ವರ್ಷಾ ಅರಿವಿ ತಗೊಂಡು ನೀ ಒರಸ್ತಿ. ಯಾರ ಸಲುವಾಗಿ ಒರಸ್ತೀ ಅಂತ ಒಮ್ಮೆರ ಕೇಳಿಕೊಂಡೀ ಏನು?"

ಇಷ್ಟು ಹೇಳಿ ಆ ಮಹಾತಾಯಿ ಎದ್ದು ಒಂದು ಪಕ್ಕಕ್ಕೆ ಸರಿದು ನಿಂತರು. ಅಪ್ಪನಿಗೂ ಮಗಳಿಗೂ ನಡುವೆ ಈಗ ಬರಿಯ ಹೊಸ್ತಿಲು ಉಳಿಯಿತು.

ಯೋಬಪ್ಪನವರು ಮಗಳನ್ನು ನೋಡಿದರು. ಎಷ್ಟು ಬಡವಾಗಿದ್ದಾಳೆ! ಮಾರ್ತವ್ವನ ಕೈಯಿಂದ ತಂಬಿಗೆಯನ್ನೂ ರೊಟ್ಟಿಯ ತುಣುಕನ್ನೂ ತಾವೇ ಇಸಿದುಕೊಂಡರು. ಅದು ಹೆಂಗಸರು ಮಾಡುವ ಶಾಸ್ತ್ರ. ಅವರಿಗೆ ಕೈ ಎತ್ತ ತಿರುಗಿಸಬೇಕೆಂಬುದೂ ತಿಳಿಯದು. ಅರ್ಧ ನೀರು ಅವರ ಧೋತರದ ಮೇಲೆಯೇ ಚೆಲ್ಲಿತು. "ಬಾ, ನನ್ನವ್ವಾ" ಎಂದರು. "ಬಾ ಒಳಗ. ಕೂಸಿನ್ನ ಇತ್ತ ಕೊಡು."

ಸಲೋಮಿ ಎದ್ದವಳು ಅಪ್ಪನ ತೋಳಿಗೆ ಕೂಸನ್ನು ಕೊಟ್ಟು, ಆ ತೋಳಿಗೇ ಹಣೆಯೊರಗಿಸಿ ಅತ್ತಳು. ಗಂಡ ಸತ್ತಾಗ ಅಳಲಿಕ್ಕೂ ಅವಳಿಗೆ ಒಂದು ಮನೆ ಇರಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಯೋಬಪ್ಪನವರು ಒಬ್ಬ ಒಳ್ಳೆಯ ತಂದೆಯಾಗಿ ಉಳಿಯುತ್ತಿದ್ದರು. ಆ ತಾಯಿಯ ಕೃಪೆ ಅವರನ್ನು ಅಷ್ಟಕ್ಕೇ ಬಿಡಲಿಲ್ಲ. ಕೂಸನ್ನು ಮಾರ್ತವ್ವನಿಗೆ ಒಪ್ಪಿಸಿ ಅವರು ಮೆಟ್ಟು ಮೆಟ್ಟಿದರು. "ಮಂದಿ ಬಂದ್ರ ಕುಂಡರಸು. ನಾ ಬರೂ ತನಾ ಓದು ಹಚ್ಚಬ್ಯಾಡ್ರಿ. ಬಾಗಿಲಾನೂ ಹಾಕಬ್ಯಾಡ್ರಿ."

"ಎಲ್ಲಿಗೆ ಹೊಂಟ್ರಿ?" ಎಂದಳು ಮಾರ್ತವ್ವ. ಹನ್ನಮ್ಮನವರು ಅವಳ ಭುಜ ಹಿಡಿದು, ಕೇಳಬೇಡವೆಂಬಂತೆ ತಲೆಯಾಡಿಸಿದರು.

ತಿಮೊಥೆಯಪ್ಪನವರ ಮನೆಯ ಬಾಗಿಲು ತೆರೆದೇ ಇತ್ತು. ಅವರು ಒಳಗೆ ನೂಲು ಬಿಡಿಸುತ್ತ ಕುಳಿತಿದ್ದರು. ಅಂಗಳದಲ್ಲಿ ನಿಂತ ಯೋಬಪ್ಪನವರನ್ನು ಕಂಡರು, ಕಂಡೂ ತಲೆ ತಗ್ಗಿಸಿದರು. ಯೋಬಪ್ಪನವರು ಹೊಸ್ತಿಲ ಹೊರಗಿನ ಕಲ್ಲಿನ ಮೇಲೆ ಕುಳಿತರು. ಓದಿಗೆ ಹೊರಟ ಜನ, ಸಭೆಯ ಹಿರಿಯರು ಹೀಗೆ ಬೇರೆಯವರ ಬಾಗಿಲಲ್ಲಿ ಕುಳಿತದ್ದನ್ನು ಕಂಡು, ಏನೂ ತೋಚದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಂದೆ ಹೋದರು. ಹೊತ್ತು ಮುಳುಗಿತು. ದೂರದಲ್ಲಿ ಸೊಲ್ಲಾಪುರದ ಗಾಡಿ ಕೂಗಿ ಹೊರಟುಹೋದದ್ದು ಕೇಳಿಸಿತು.

ಆಮೇಲೆ ತಿಮೊಥೆಯಪ್ಪನವರು ಎದ್ದು ಬಾಗಿಲಿಗೆ ಬಂದರು. "ಏನ್ ಬಂದ್ರಿ, ಹಿರ್ಯಾರ?"

"ನನ್ನ ಮಗಳ್ನ ಒಳಗ ಕರದೆ."

"ಕೇಳೇನಿ. ಓಣಿ ತುಂಬ ಐತಿ ಸುದ್ದಿ."

"ಅವತ್ತ ನಿನ್ನ ಮಗನ್ನ ನಾ ಬಾಗಲಾಗ ನಿಂದರಿಸಿದೆ. ಅದು ನೇಮ ಆಗಿರಲಿಲ್ಲ, ನನ್ನ ಸೊಕ್ಕಾಗಿತ್ತು. ನಾಳೆ ಹುಬ್ಬಳ್ಳಿಗೆ ನಾನ ಹೋಗಿ ಕರಕೊಂಡು ಬರ್ತೇನಿ. ನಿನ್ನ ಸೊಸಿನ್ನೂ."

"ಅಂವ ಬರಾಕ ಒಲ್ಲೆ ಅಂದ್ರ?"

"ಅವನ ಬಾಗಲಾಗೂ ಹಿಂಗ ಕೂಡ್ತೇನಿ. ಅಂವ ಒಳಗ ಬಾ ಅನ್ನೂ ತನಾ."

ತಿಮೊಥೆಯಪ್ಪನವರಿಗೆ ಹೆಂಡತಿಯ ಮುಖ ನೆನಪಾಯಿತೋ, ಆಲಯದ ಹೊರಗೆ ನಿಂತ ಮಗನ ಮುಖ ನೆನಪಾಯಿತೋ,  ತಿರುಗಿ ಒಳಗೆ ಹೋದರು. ಬಾಗಿಲು ಹಾಕಲಿಲ್ಲ.

ಯೋಬಪ್ಪನವರು ಆ ತೆರೆದ ಬಾಗಿಲನ್ನು ನೋಡುತ್ತ ಕುಳಿತರು. ಒಳಗಿನ ದೀಪ ಕಾಣುತ್ತಿತ್ತು, ಗೋಡೆಯ ಮೇಲೆ ಗೆಳೆಯನ ನೆರಳು ಕಾಣುತ್ತಿತ್ತು. ಎದ್ದು ಎರಡು ಹೆಜ್ಜೆಯಿಟ್ಟರೆ ಒಳಗೆ. ತಡೆಯುವವರು ಯಾರೂ ಇರಲಿಲ್ಲ. ಆದರೂ ಆ ಎರಡು ಹೆಜ್ಜೆ ಇಡುವುದು ಯಾಕೆ ಆಗುವುದಿಲ್ಲವೆಂಬುದು ಅವರಿಗೆ ಆಗ ತಿಳಿಯಿತು. ಬಾಗಿಲು ತೆರೆದಿಡುವುದು ಮರದ ಹಲಗೆಯ ಕೆಲಸ. ಒಳಗೆ ಕರೆಯುವುದು ಮನುಷ್ಯನ ಬಾಯಿಂದ ಆಗಬೇಕು. ಮಗಳು ಅಷ್ಟು ಹೊತ್ತು ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಾದದ್ದು ಇದಕ್ಕಾಗಿ. ಆ ಹುಡುಗ ತಾಯಿಯ ಶವದ ಎದುರು ನಿಂತು ಕಾದದ್ದೂ ಇದಕ್ಕಾಗಿ. ದೇವರ ಮನೆಯ ಬಾಗಿಲು ಕಾಯುತ್ತೇನೆಂದು ಇಷ್ಟು ಕಾಲ ಹೆಮ್ಮೆಪಟ್ಟ ತಾವು ಇವತ್ತಿಗೆ ಮುಂಚೆ ಒಬ್ಬರನ್ನಾದರೂ ಒಳಗೆ ಕರೆದದ್ದುಂಟೆ ಎಂದು ಹುಡುಕಿಕೊಂಡರು. ಯಾರೂ ನೆನಪಿಗೆ ಬರಲಿಲ್ಲ. ಆ ಕತ್ತಲಲ್ಲಿ ಹಿರಿಯರು ಮುಖ ಮುಚ್ಚಿಕೊಂಡು ಅತ್ತರು, ಮತ್ತು ಕಾದರು. ಕರೆಯದಿದ್ದರೂ ಕಾಯುವುದೆಂದು ನಿಶ್ಚಯ ಮಾಡಿಕೊಂಡರು.

ಒಳಗೆ ತಂಬಿಗೆಯ ಸದ್ದಾಯಿತು. ತಿಮೊಥೆಯಪ್ಪನವರು ಕಾಲಿಗೆ ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಯೋಬಾ," ಎಂದರು, "ಬಾ ಒಳಗ."